ಕಣ್ಣು ನೆಟ್ಟಗಾಯಿತು, ಮನಸ್ಸು?

(ನಮ್ಮ ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪ್ರತಿ ತಿಂಗಳೂ ಇಲ್ಲಿ ಅಡುಗೆ, ಹಬ್ಬ, ಹಾಡು, ಪುಸ್ತಕ, ಆರೋಗ್ಯ ಹೀಗೆ ಒಂದಲ್ಲ ಒಂದು ವಿಷಯ ಮಾತಾಡುತ್ತೇವೆ. ಈ ಸಲ ನೀವು ಮಾತಾಡಿ ಎಂದು ಕಾರ್ಯದರ್ಶಿಯವರು ಹೇಳಿದಾಗ ಎರಡು ದಿನ ಯೋಚಿಸಿದೆ. ಕೊನೆಗೆ ಮೆಳ್ಳಗಣ್ಣಿನ ಮಕ್ಕಳ ಮನಸ್ಸಿನ ಬಗ್ಗೆ ಮಾತಾಡುತ್ತೇನೆ ಅಂದೆ. ಫೋನಿನ ಆ ಕಡೆ ಒಂದು ಕ್ಷಣ ಮೌನ. ಆಮೇಲೆ, "ಅದರ ಬಗ್ಗೆ ಮಾತಾಡೋದು ಏನಿದೆ ಮೇಡಂ?" ಎಂದರು. ಅವರು ಹಾಗೆ ಕೇಳಿದ್ದರಿಂದಲೇ ಇದನ್ನು ಮಾತಾಡಲೇಬೇಕು ಅನ್ನಿಸಿತು.

ನಾನು ವೈದ್ಯೆಯಲ್ಲ. ಈ ಊರಿನಲ್ಲಿ ಬಹಳ ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಅದಕ್ಕಿಂತ ಮುಖ್ಯವಾಗಿ, ಮೆಳ್ಳಗಣ್ಣಿನ ಒಬ್ಬ ಮಗನ ತಾಯಿ. ಇವತ್ತು ಹೇಳುವುದರಲ್ಲಿ ಒಂದು ಪಾಲು ಓದಿ, ವೈದ್ಯರನ್ನು ಕೇಳಿ ತಿಳಿದದ್ದು. ಉಳಿದದ್ದು ತಪ್ಪು ಮಾಡಿ ಕಲಿತದ್ದು. ಮಗನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. "ಹೆಸರು ಮಾತ್ರ ಬೇಡಮ್ಮ" ಅಂದಿದ್ದಾನೆ. ಹಾಗಾಗಿ ಅವನು ಇಲ್ಲಿ ಬರೀ 'ನನ್ನ ಮಗ'.

ನಾವು ಕಲಬುರಗಿಯ ಕಡೆಯವರು. ಮದುವೆಯಾಗಿ ಹೈದರಾಬಾದಿಗೆ ಬಂದು ಕಾಚಿಗೂಡದಲ್ಲಿ ಸಂಸಾರ ಹೂಡಿದೆವು. ಮಗನಿಗೆ ಮೂರು ವರ್ಷ ತುಂಬುವ ಹೊತ್ತಿಗೆ, ಚಿತ್ರದ ಪುಸ್ತಕ ಹಿಡಿದು ಕೂತಾಗ ಅವನ ಎಡಗಣ್ಣು ಮೂಗಿನ ಕಡೆಗೆ ಸರಿಯುವುದು ಕಂಡಿತು. ನಿದ್ದೆ ಬಂದಾಗ, ಜ್ವರ ಬಂದಾಗ ಇನ್ನಷ್ಟು. ನಮ್ಮ ಅತ್ತೆಯವರಿಗೆ ತೋರಿಸಿದೆ. ಅವರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಇರ್ಲಿ ಬಿಡವಾ, ಮೆಳ್ಳಗಣ್ಣು ಇದ್ದಾಂವಗ ಅದೃಷ್ಟ ಕೂಡಿ ಬರ್ತದ. ದೊಡ್ಡಾಂವ ಆದ್ಮ್ಯಾಲ ತಾನ ಸರಿ ಆಗ್ತದ" ಅಂದರು. ಅವರದು ಕೆಟ್ಟ ಮನಸ್ಸಲ್ಲ. ಮೊಮ್ಮಗನಿಗೆ ಒಂದು ಕೊರತೆ ಇದೆ ಅಂತ ಯಾರೂ ಅನ್ನಬಾರದು ಅನ್ನುವ ಪ್ರೀತಿ ಅದು. ಪಕ್ಕದ ಮನೆಯ ತೆಲುಗಿನವರೂ ಅದನ್ನೇ ಹೇಳಿದರು. ಅವರಲ್ಲೂ ಮೆಲ್ಲಕನ್ನು ಅಂದರೆ ಅದೃಷ್ಟ. ಎರಡು ಭಾಷೆಯ ಹಿರಿಯರು ಒಂದೇ ಮಾತು ಹೇಳಿದ ಮೇಲೆ ನನಗೂ ಸಮಾಧಾನವಾಯಿತು. ಆರು ವರ್ಷ ಸುಮ್ಮನಿದ್ದೆವು.

ಒಂಬತ್ತನೆಯ ವಯಸ್ಸಿನಲ್ಲಿ ಶಾಲೆಯಲ್ಲಿ ಕಣ್ಣು ತಪಾಸಣೆ ನಡೆಯಿತು. ಬಲಗಣ್ಣು ಮುಚ್ಚಿ ಓದು ಅಂದರೆ ಅವನಿಗೆ ಮೇಲಿನ ದೊಡ್ಡ ಅಕ್ಷರವೂ ಸರಿಯಾಗಿ ಕಾಣಲಿಲ್ಲ. ಮೊದಲು ಹಟ ಮಾಡುತ್ತಿದ್ದಾನೆ ಅಂದುಕೊಂಡರಂತೆ. ಅವನಿಗೂ ಅದು ಹೊಸ ಸುದ್ದಿಯೇ. ಒಂದು ಕಣ್ಣಲ್ಲಿ ಮಬ್ಬಾಗಿ ಕಾಣುತ್ತದೆ ಎಂದು ಮಗು ದೂರುವುದಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿರುತ್ತದೆ.

ಆಮೇಲೆ ವೈದ್ಯರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಮ್ಮ ಪ್ರತಿ ಕಣ್ಣಿನ ಗುಡ್ಡೆಯನ್ನು ಆರು ಪುಟ್ಟ ಸ್ನಾಯುಗಳು ತಿರುಗಿಸುತ್ತವೆ. ಎರಡೂ ಕಣ್ಣು ಒಂದೇ ಕಡೆ ನೆಟ್ಟರೆ ಮಿದುಳು ಎರಡು ಚಿತ್ರಗಳನ್ನು ಸೇರಿಸಿ ಒಂದು ಮಾಡುತ್ತದೆ. ಎಷ್ಟು ದೂರ, ಎಷ್ಟು ಆಳ ಎಂಬ ಅಂದಾಜು ಸಿಗುವುದು ಅದರಿಂದ. ಒಂದು ಕಣ್ಣು ಓರೆಯಾದರೆ ಎರಡು ಬೇರೆ ಚಿತ್ರಗಳು ಬರುತ್ತವೆ. ಚಿಕ್ಕ ಮಗುವಿನ ಮಿದುಳು ಆ ಗೊಂದಲ ತಪ್ಪಿಸಲು ಓರೆಯಾದ ಕಣ್ಣಿನ ಚಿತ್ರವನ್ನು ಬದಿಗಿಡುತ್ತದೆ. ಹಾಗೆ ಬದಿಗಿಟ್ಟೂ ಇಟ್ಟೂ ಆ ಕಣ್ಣಿನ ದೃಷ್ಟಿ ಬೆಳೆಯುವುದೇ ಇಲ್ಲ. ಇದನ್ನು ಸೋಮಾರಿ ಕಣ್ಣು ಅನ್ನುತ್ತಾರೆ. ನನ್ನ ಮಗನಿಗೆ ದೂರದೃಷ್ಟಿಯ ದೋಷವಿತ್ತು. ಹತ್ತಿರದ್ದನ್ನು ನೋಡಲು ಕಣ್ಣು ವಿಪರೀತ ಶ್ರಮಪಟ್ಟು ಒಳಗೆ ತಿರುಗುತ್ತಿತ್ತು. "ಮೂರು ವರ್ಷಕ್ಕೇ ಕರೆತಂದಿದ್ದರೆ ಬಹುಶಃ ಕನ್ನಡಕದಲ್ಲೇ ಮುಗಿಯುತ್ತಿತ್ತು" ಎಂದರು ವೈದ್ಯರು. ಬೈಯಲಿಲ್ಲ, ಮೆಲ್ಲಗೇ ಹೇಳಿದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಕನ್ನಡಕ ಬಂತು. ಒಳ್ಳೆಯ ಕಣ್ಣಿಗೆ ದಿನಕ್ಕೆ ಇಷ್ಟು ಗಂಟೆ ಪಟ್ಟಿ ಹಾಕಿ, ಸೋಮಾರಿ ಕಣ್ಣಿಗೆ ಕೆಲಸ ಕೊಡುವ ಚಿಕಿತ್ಸೆ ನಡೆಯಿತು. ದೃಷ್ಟಿ ಸ್ವಲ್ಪ ಸುಧಾರಿಸಿತು, ಪೂರ್ತಿ ಬರಲಿಲ್ಲ. ಕನ್ನಡಕ ಹಾಕಿದ ಮೇಲೂ ಉಳಿದ ಓರೆಗೆ ಹತ್ತನೆಯ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅದರಲ್ಲಿ ಕಣ್ಣನ್ನು ಹೊರಗೆ ತೆಗೆಯುವುದಿಲ್ಲ. ಎಷ್ಟೋ ಜನ ಹಾಗೆ ಹೆದರುತ್ತಾರೆ, ನಾನೂ ಹೆದರಿದ್ದೆ. ಗುಡ್ಡೆಯ ಹೊರಗಿರುವ ಸ್ನಾಯುವನ್ನು ಸಡಿಲಿಸುತ್ತಾರೆ ಅಥವಾ ಬಿಗಿ ಮಾಡುತ್ತಾರೆ, ಅಷ್ಟೆ. ಕಣ್ಣು ನೆಟ್ಟಗಾಯಿತು. ಮನೆಯಲ್ಲಿ ಹೋಳಿಗೆ ಮಾಡಿ ಸಂತೋಷಪಟ್ಟೆವು. ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಕಣ್ಣು ನೆಟ್ಟಗಾದ ಮೇಲೂ ಮಗ ತಲೆ ತಗ್ಗಿಸಿಕೊಂಡೇ ಮಾತಾಡುತ್ತಿದ್ದ. ಯಾರಾದರೂ ಎದುರು ಬಂದರೆ ಹಣೆಯ ಕೂದಲು ಎಳೆದುಕೊಳ್ಳುತ್ತಿದ್ದ. ಗುಂಪಿನಲ್ಲಿ ಫೋಟೋ ತೆಗೆಯುವಾಗ ಹಿಂದೆ ಸರಿಯುತ್ತಿದ್ದ. ಸಂಕೋಚದ ಹುಡುಗ, ಅಪ್ಪನ ಹಾಗೆ, ಎಂದು ನಾವು ನಗುತ್ತಿದ್ದೆವು.

ಎಷ್ಟೋ ವರ್ಷದ ಮೇಲೆ, ಅವನ ಮದುವೆಯ ಫೋಟೋ ತೆಗೆಯುವಾಗ ಆದದ್ದು ಹೇಳುತ್ತೇನೆ. ಫೋಟೋದವನು ನೇರ ನೋಡಿ ಸರ್ ಎಂದು ಪದೇ ಪದೇ ಹೇಳಿದರೂ ಇವನು ಎಡಗೆನ್ನೆ ಮರೆಯಾಗುವ ಹಾಗೆ ಸ್ವಲ್ಪ ತಿರುಗಿಯೇ ನಿಲ್ಲುತ್ತಿದ್ದ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೇಳಿದೆ, ಯಾಕಪ್ಪಾ ಹಾಗೆ ನಿಂತಿದ್ದೆ ಅಂತ. ಅವನು ನಕ್ಕು, "ಅಮ್ಮಾ, ಅದು ನೀನೇ ಕಲಿಸಿದ್ದು. ಚಿಕ್ಕವನಿದ್ದಾಗ ಫೋಟೋ ತೆಗೆಯುವಾಗೆಲ್ಲ ಸ್ವಲ್ಪ ಈ ಕಡೆ ತಿರುಗು ಅಂತಿದ್ದೆಯಲ್ಲ" ಎಂದ.

ನನಗೆ ಮಾತೇ ಹೊರಡಲಿಲ್ಲ. ಶಾಲೆಯಲ್ಲಿ ಅವನನ್ನು ಏನೇನು ಕರೆಯುತ್ತಿದ್ದರು ಎಂಬುದು ಅಂದೇ ಗೊತ್ತಾಯಿತು. ತೆಲುಗಿನ ಮಕ್ಕಳು 'ಮೆಲ್ಲಕನ್ನು' ಅನ್ನುತ್ತಿದ್ದರು, ಉರ್ದು ಮಾತಾಡುವವರು 'ಭೇಂಗಾ' ಅನ್ನುತ್ತಿದ್ದರು, ಇಂಗ್ಲಿಷಿನವರು 'ಲುಕಿಂಗ್ ಲಂಡನ್, ಟಾಕಿಂಗ್ ಟೋಕಿಯೊ' ಎಂದು ಹಾಡುತ್ತಿದ್ದರು. ಹೈದರಾಬಾದಿನ ಮಗುವಿಗೆ ಮೂರು ಭಾಷೆಯಲ್ಲಿ ಹೆಸರಿಡುತ್ತಾರೆ, ನೋಡಿ. ಅವನ ಮುಖದಲ್ಲಿ ಮುಚ್ಚಿಡಬೇಕಾದ್ದು ಏನೋ ಇದೆ ಎಂದು ಮೊದಲು ಕಲಿಸಿದ್ದು ಮಾತ್ರ ಆ ಮಕ್ಕಳಲ್ಲ, ನಾನು. ಆ ರಾತ್ರಿಯಿಂದ ಈ ವಿಷಯವನ್ನು ಹುಡುಕಿ ಓದತೊಡಗಿದೆ.

ಓದಿದ್ದರಲ್ಲಿ ಮೂರು ಅಧ್ಯಯನಗಳನ್ನು ಹೇಳುತ್ತೇನೆ.

ಮೊದಲನೆಯದು ಸ್ವಿಟ್ಜರ್ಲೆಂಡಿನದು, 2011ರಲ್ಲಿ ಪ್ರಕಟವಾದದ್ದು. ಅವಳಿ ಮಕ್ಕಳ ಫೋಟೋಗಳನ್ನು ತೆಗೆದುಕೊಂಡು, ಕಂಪ್ಯೂಟರಿನಲ್ಲಿ ಒಂದು ಮಗುವಿನ ಕಣ್ಣನ್ನು ಮಾತ್ರ ಓರೆ ಮಾಡಿದರು. ಬೇರೆ ವ್ಯತ್ಯಾಸವೇನೂ ದೊಡ್ಡದಾಗಿ ಇಲ್ಲ. ಮೂರರಿಂದ ಹನ್ನೆರಡು ವರ್ಷದ 118 ಮಕ್ಕಳಿಗೆ ಆ ಫೋಟೋ ತೋರಿಸಿ, ನಿನ್ನ ಹುಟ್ಟುಹಬ್ಬಕ್ಕೆ ಇವರಿಬ್ಬರಲ್ಲಿ ಯಾರನ್ನು ಕರೆಯುತ್ತೀಯ ಎಂದು ಕೇಳಿದರು. ಆರು ವರ್ಷದೊಳಗಿನವರು ಅಂಥ ಭೇದ ಮಾಡಲಿಲ್ಲ. ಆರು ದಾಟಿದವರು ಕಣ್ಣು ನೆಟ್ಟಗಿರುವ ಮಗುವನ್ನೇ ಹೆಚ್ಚಾಗಿ ಕರೆದರು. ಅಂದರೆ ನಮ್ಮಲ್ಲಿ ಒಂದನೇ ತರಗತಿಗೆ ಸೇರುವ ವಯಸ್ಸು. ಅಂಗನವಾಡಿಯಲ್ಲಿ ಎಲ್ಲರ ಜೊತೆ ಕುಣಿದ ಮಗು ಅಲ್ಲಿಂದ ಒಂಟಿಯಾಗತೊಡಗುತ್ತದೆ.

ಎರಡನೆಯದು ಅಮೆರಿಕದ ಮಿನೆಸೋಟದ್ದು, 2008ರದು. ಬಾಲ್ಯದಲ್ಲಿ ಮೆಳ್ಳಗಣ್ಣಿದ್ದ 407 ಜನರ ವೈದ್ಯಕೀಯ ದಾಖಲೆಗಳನ್ನು ಅವರು ಯೌವನಕ್ಕೆ ಬರುವವರೆಗೆ ಹಿಂಬಾಲಿಸಿದರು. ಕಣ್ಣು ಹೊರಕ್ಕೆ ಸರಿಯುತ್ತಿದ್ದ ಮಕ್ಕಳಲ್ಲಿ ಮುಂದೆ ಮಾನಸಿಕ ಕಾಯಿಲೆ ಕಾಣಿಸಿಕೊಳ್ಳುವ ಸಾಧ್ಯತೆ ಇತರರಿಗಿಂತ ಸುಮಾರು ಮೂರು ಪಟ್ಟು ಇತ್ತು. ಒಳಕ್ಕೆ ತಿರುಗುವ ಕಣ್ಣಿನವರಲ್ಲಿ ಆ ಹೆಚ್ಚಳ ಕಾಣಲಿಲ್ಲ.

ಮೂರನೆಯದು 2022ರದು, ಅದೂ ಅಮೆರಿಕದ್ದೇ. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ಆರೋಗ್ಯ ವಿಮೆಯ ದಾಖಲೆಗಳನ್ನು ನೋಡಿದರು. ಮೆಳ್ಳಗಣ್ಣಿನ ಮಕ್ಕಳಲ್ಲಿ ಆತಂಕದ ಕಾಯಿಲೆಯ ಸಾಧ್ಯತೆ ಸುಮಾರು ಎರಡು ಪಟ್ಟು, ಖಿನ್ನತೆಯದು ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು ಕಂಡಿತು.

ಇದನ್ನು ಕೇಳಿ ಯಾರೂ ಗಾಬರಿಯಾಗಬೇಡಿ. ಕಣ್ಣು ಓರೆಯಾದ್ದರಿಂದಲೇ ಖಿನ್ನತೆ ಬಂತು ಎಂದು ಈ ಅಧ್ಯಯನಗಳು ಹೇಳುವುದಿಲ್ಲ. ಎರಡೂ ಒಟ್ಟಿಗೆ ಹೆಚ್ಚಾಗಿ ಕಾಣುತ್ತವೆ ಅನ್ನುತ್ತವೆ, ಅಷ್ಟೇ. ಮೆಳ್ಳಗಣ್ಣಿನ ಹೆಚ್ಚಿನ ಮಕ್ಕಳು ಆರೋಗ್ಯವಾಗಿ, ಖುಷಿಯಾಗಿ ಬೆಳೆಯುತ್ತಾರೆ. ನನ್ನ ಮಗನೂ ಇಂದು ಚೆನ್ನಾಗಿದ್ದಾನೆ. ಆದರೆ ನೂರು ಮಕ್ಕಳಲ್ಲಿ ಎರಡರಿಂದ ನಾಲ್ಕು ಮಕ್ಕಳಿಗೆ ಈ ತೊಂದರೆ ಇರುತ್ತದೆ. ಐವತ್ತು ಮಕ್ಕಳ ಒಂದು ತರಗತಿಯಲ್ಲಿ ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ. ಅವರ ಕಣ್ಣನ್ನು ನೋಡುವಾಗ ಮನಸ್ಸನ್ನೂ ಒಮ್ಮೆ ನೋಡಿ ಎಂದಷ್ಟೇ ನಾನು ಕೇಳುವುದು.

ಶಾಲೆಯಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಮಾಸ್ತರಿಣಿಯಾಗಿ ನೋಡಿದ್ದೇನೆ. "ನಿನ್ನನ್ನೇ ಕೇಳ್ತಿರೋದು, ಎಲ್ಲಿ ನೋಡ್ತಿದ್ದೀಯ?" ಎಂದು ಟೀಚರ್ ಗದರುತ್ತಾರೆ. ಮಗು ನೋಡುತ್ತಿರುವುದು ಟೀಚರನ್ನೇ. ಇಡೀ ತರಗತಿ ನಗುತ್ತದೆ. ಮುಂದಿನ ಸಲ ಉತ್ತರ ಗೊತ್ತಿದ್ದರೂ ಆ ಮಗು ಕೈ ಎತ್ತುವುದಿಲ್ಲ. ಆಟದ ಬಯಲಿನಲ್ಲಿ ಇನ್ನೊಂದು. ಎರಡು ಕಣ್ಣು ಕೂಡಿ ಕೆಲಸ ಮಾಡದಿದ್ದರೆ ಚೆಂಡು ಎಷ್ಟು ಹತ್ತಿರ ಬಂತು ಎಂಬ ಅಂದಾಜು ತಪ್ಪುತ್ತದೆ. ನಾಲ್ಕು ಕ್ಯಾಚ್ ಬಿಟ್ಟವನನ್ನು ಐದನೆಯ ದಿನ ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಅವನು ಗೋಡೆಯ ಪಕ್ಕ ಕೂತು ಸ್ಕೋರ್ ಬರೆಯುತ್ತಾನೆ. ಬಹಳ ಶಾಂತ ಹುಡುಗ ಎಂದು ನಾವು ಪ್ರಗತಿಪತ್ರದಲ್ಲಿ ಬರೆಯುತ್ತೇವೆ.

ನನ್ನ ತರಗತಿಗೆ ಒಮ್ಮೆ ಒಬ್ಬ ಹುಡುಗಿ ಬಂದಳು. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಬಿಸಿಲಿಗೆ ಒಂದು ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದಳು. ಹಿಂದಿನ ವರ್ಷ ಅವಳಿಗೆ 'ಕಣ್ಣು ಹೊಡೆಯುವವಳು' ಎಂಬ ಹೆಸರು ಬಿದ್ದಿತ್ತು. ಎಂಟು ವರ್ಷದ ಮಗುವಿಗೆ! ಮಗನಿಂದ ಪಾಠ ಕಲಿತಿದ್ದ ನನಗೆ ಅನುಮಾನ ಬಂತು. ಬಿಸಿಲಿಗೆ ಒಂದು ಕಣ್ಣು ಮುಚ್ಚುವುದು, ಆಗಾಗ ಕಣ್ಣು ಹೊರಗೆ ಜಾರುವುದು ಒಂದು ಬಗೆಯ ಮೆಳ್ಳಗಣ್ಣಿನ ಲಕ್ಷಣ. ತಾಯಿಯನ್ನು ಕರೆಸಿ ಹೇಳಿದೆ. ಆಕೆ ಪಾಪ, ಅಳುವುದೊಂದು ಬಾಕಿ. "ನನಗೂ ಗೊತ್ತು ಟೀಚರ್. ಮದುವೆಯ ಹೊತ್ತಿಗೆ ಆಪರೇಷನ್ ಮಾಡಿಸಿದರಾಯಿತು ಅಂತ ಮನೆಯಲ್ಲಿ ಹೇಳಿದ್ದಾರೆ" ಅಂದರು.

ಈ ಮಾತನ್ನು ನೀವೂ ಕೇಳಿರುತ್ತೀರಿ. ಹುಡುಗಿಯ ಕಣ್ಣು ನೆಟ್ಟಗಾಗಬೇಕಾದ್ದು ಗಂಡಿನ ಕಡೆಯವರು ನೋಡಲು ಬರುವ ದಿನಕ್ಕೆ. ಅದಕ್ಕೆ ಮೊದಲಿನ ಹದಿನೈದು ವರ್ಷ ಅವಳು ಶಾಲೆಗೆ ಹೋಗಬೇಕು, ಗೆಳತಿಯರನ್ನು ಮಾಡಿಕೊಳ್ಳಬೇಕು, ಕನ್ನಡಿ ನೋಡಿಕೊಳ್ಳಬೇಕು. ಆ ವರ್ಷಗಳು ಲೆಕ್ಕಕ್ಕಿಲ್ಲವೆ? ಆ ತಾಯಿಗೆ ನಾನು ನನ್ನ ಮಗನ ಕಥೆ ಹೇಳಿದೆ. ಬೇರೇನೂ ಹೇಳಲಿಲ್ಲ. ಮರುವಾರವೇ ಗಂಡನನ್ನು ಒಪ್ಪಿಸಿ ಮಗಳನ್ನು ಆಸ್ಪತ್ರೆಗೆ ಕರೆದೊಯ್ದರು.

ಈ ವಿಷಯದಲ್ಲಿ ನಮ್ಮ ಊರಿನಲ್ಲಿ ನೆಪ ಹೇಳುವಂತಿಲ್ಲ. ಬಂಜಾರಾ ಹಿಲ್ಸ್‌ನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಗೆ ನಮ್ಮ ಕಲಬುರಗಿ, ಬೀದರ, ರಾಯಚೂರಿನಿಂದ ಜನ ಬಸ್ಸು, ರೈಲು ಹತ್ತಿ ಬರುತ್ತಾರೆ. ನೀವೂ ಎಷ್ಟೋ ನೆಂಟರಿಗೆ ಮನೆಯಲ್ಲಿ ಹಾಸಿಗೆ ಹಾಸಿ ಕೊಟ್ಟಿರುತ್ತೀರಿ. ಡಾ. ಗುಲ್ಲಪಲ್ಲಿ ಎನ್. ರಾವ್ ಅವರು 1980ರ ದಶಕದಲ್ಲಿ ಕಟ್ಟಿದ ಸಂಸ್ಥೆ ಅದು. ಹಿಂದಿ, ತೆಲುಗು, ತಮಿಳು ಮೂರೂ ಭಾಷೆಗಳ ಮೊದಲ ವಾಕ್ಚಿತ್ರಗಳಲ್ಲಿ ನಟಿಸಿದ ಎಲ್.ವಿ. ಪ್ರಸಾದ್ ಅವರ ಹೆಸರು ಅದಕ್ಕಿದೆ. ಅಲ್ಲಿ ಮಕ್ಕಳ ಕಣ್ಣಿಗೆ ಪ್ರತ್ಯೇಕ ವಿಭಾಗವಿದೆ, ಹಣ ಕೊಡಲಾರದವರಿಗೆ ಉಚಿತ ಚಿಕಿತ್ಸೆಯಿದೆ. ಮೆಹದಿಪಟ್ಟಣದ ಕಡೆ ಸರ್ಕಾರದ ಸರೋಜಿನಿ ದೇವಿ ಕಣ್ಣಿನ ಆಸ್ಪತ್ರೆಯಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದ ಮೇಲೆ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ತಂಡಗಳು ಬಂದು ಮಕ್ಕಳನ್ನು ನೋಡುತ್ತವೆ. ತೆಲಂಗಾಣದ 'ಕಂಟಿ ವೆಲುಗು' 2018ರ ಆಗಸ್ಟ್ 15ರಂದು ಶುರುವಾಗಿ ಹಳ್ಳಿ ಹಳ್ಳಿಯಲ್ಲಿ ಕಣ್ಣು ತಪಾಸಣೆಯ ಮಾತು ಎಬ್ಬಿಸಿತು. ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ಮಕ್ಕಳು, ವಾಚ್‌ಮನ್ ಮಕ್ಕಳು, ಅವರ ಕಣ್ಣನ್ನೂ ಒಮ್ಮೆ ಗಮನಿಸಿ. ಒಂದು ಮಾತು ಹೇಳಿದರೆ ಸಾಕು, ದಾರಿ ಇದೆ.

ಇನ್ನು ಮನೆಯಲ್ಲಿ ನಾವು ಮಾಡಬಹುದಾದ್ದನ್ನು ಹೇಳಿ ಮುಗಿಸುತ್ತೇನೆ.

ಒಂದು, ಕಾಯಬೇಡಿ. ಹುಟ್ಟಿದ ಮೊದಲ ಮೂರು-ನಾಲ್ಕು ತಿಂಗಳು ಮಗುವಿನ ಕಣ್ಣು ಆಗಾಗ ಅಡ್ಡಾದಿಡ್ಡಿ ತಿರುಗುವುದುಂಟು. ಆಮೇಲೂ ತಿರುಗಿದರೆ ಮಕ್ಕಳ ಕಣ್ಣಿನ ವೈದ್ಯರಿಗೆ ತೋರಿಸಿ. ಕೆಲವು ಮಕ್ಕಳಿಗೆ ಮೂಗಿನ ಬುಡ ಅಗಲವಾಗಿದ್ದು ಮೆಳ್ಳಗಣ್ಣಿನ ಹಾಗೆ ಕಾಣುತ್ತದೆ, ನಿಜವಾಗಿ ಇರುವುದಿಲ್ಲ. ಅದನ್ನೂ ವೈದ್ಯರೇ ಹೇಳಬೇಕು. ಪಾಪೆ ಬೆಳ್ಳಗೆ ಹೊಳೆದರೆ, ಫೋಟೋದಲ್ಲಿ ಒಂದು ಕಣ್ಣು ಬಿಳಿಯಾಗಿ ಬಂದರೆ ಒಂದು ದಿನವೂ ತಡ ಮಾಡಬೇಡಿ. ಅಪರೂಪಕ್ಕೆ ಕಣ್ಣಿನೊಳಗಿನ ಗೆಡ್ಡೆಯೂ ಮೆಳ್ಳಗಣ್ಣಾಗಿ ಕಾಣಿಸಿಕೊಳ್ಳುತ್ತದೆ.

ಎರಡು, ವಯಸ್ಸು ಮೀರಿತು ಎಂದು ಕೈ ಚೆಲ್ಲಬೇಡಿ. ಚಿಕ್ಕಂದಿನಲ್ಲಿ ಮಾಡಿದರೆ ಫಲ ಹೆಚ್ಚು, ನಿಜ. ಆದರೆ ಏಳು ವರ್ಷ ದಾಟಿದ ಮಕ್ಕಳಲ್ಲೂ ಅನೇಕರಿಗೆ ಸೋಮಾರಿ ಕಣ್ಣು ಸುಧಾರಿಸುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಕಣ್ಣನ್ನು ನೆಟ್ಟಗೆ ಮಾಡುವ ಶಸ್ತ್ರಚಿಕಿತ್ಸೆ ದೊಡ್ಡವರಿಗೂ ಆಗುತ್ತದೆ. ಅದು ಬರೀ ಅಂದಕ್ಕಾಗಿ ಅಂತ ಯಾರಾದರೂ ಅಂದರೆ, ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಅಂದವಲ್ಲ, ಬದುಕು ಎಂದು ಹೇಳಿ.

ಮೂರು, ಪಟ್ಟಿ ಕಟ್ಟುವ ಹೊತ್ತು ಜಗಳದ ಹೊತ್ತಾಗದಿರಲಿ. ಒಳ್ಳೆಯ ಕಣ್ಣು ಮುಚ್ಚಿದಾಗ ಮಗುವಿಗೆ ಲೋಕವೇ ಮಬ್ಬಾಗುತ್ತದೆ, ಕಿತ್ತೆಸೆಯುವುದು ಸಹಜ. ನಮ್ಮ ಮನೆಯಲ್ಲಿ ಹೊಡೆತವೂ ಬಿದ್ದಿತ್ತು, ಸುಳ್ಳು ಹೇಳುವುದಿಲ್ಲ. ಎಷ್ಟು ಗಂಟೆ ಅನ್ನುವುದನ್ನು ವೈದ್ಯರನ್ನೇ ಕೇಳಿ. ಮಧ್ಯಮ ಪ್ರಮಾಣದ ತೊಂದರೆಗೆ ದಿನಕ್ಕೆ ಎರಡು ಗಂಟೆ ಕಟ್ಟಿದರೂ ಆರು ಗಂಟೆಯಷ್ಟೇ ಫಲ ಎಂದು 2003ರಲ್ಲೇ ಒಂದು ಅಧ್ಯಯನ ತೋರಿಸಿದೆ. ಸಾಧ್ಯವಾದರೆ ಮನೆಯಲ್ಲಿರುವ ಹೊತ್ತಿಗೆ ಇಟ್ಟುಕೊಳ್ಳಿ. ಪಟ್ಟಿಯ ಮೇಲೆ ಮಗುವಿಗೆ ಬೇಕಾದ ಚಿತ್ರ ಬರೆಯಲು ಬಿಡಿ. ಆ ಹೊತ್ತು ಅಕ್ಕಿ ಆರಿಸುವುದು, ಮಣಿ ಪೋಣಿಸುವುದು, ಪಗಡೆ, ಚೌಕಾಬಾರ ಏನಾದರೂ ಜೊತೆಗೆ ಕೂತು ಮಾಡಿ. ಅಜ್ಜಿಯೂ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆಡಿದರೆ ಅದಕ್ಕಿಂತ ಒಳ್ಳೆಯ ಔಷಧ ಇಲ್ಲ.

ನಾಲ್ಕು, ಮಗುವಿನ ಬಾಯಿಗೆ ಒಂದು ಉತ್ತರ ಕೊಡಿ. "ನನ್ನ ಕಣ್ಣಿನ ಸ್ನಾಯು ಸರಿಯಾಗಿ ಎಳೆಯಲ್ಲ, ಡಾಕ್ಟರ್ ನೋಡ್ತಿದ್ದಾರೆ. ಬಾ, ಆಡೋಣ." ಇಷ್ಟೇ ಸಾಕು. ಮನೆಯಲ್ಲಿ ಹತ್ತು ಸಲ ಹೇಳಿಸಿ ರೂಢಿ ಮಾಡಿಸಿ. ಉತ್ತರ ಗೊತ್ತಿರುವ ಮಗು ಅಳುವುದು ಕಡಿಮೆ. ಶಾಲೆಗೆ ಹೋಗಿ ಟೀಚರಿಗೂ ತಿಳಿಸಿ, ಎಲ್ಲಿ ಕೂರಿಸಬೇಕು ಎಂದು ಮಾತಾಡಿ.

ಐದು, ಬದಲಾವಣೆ ಗಮನಿಸಿ. ಶಾಲೆಗೆ ಹೋಗುವ ಬೆಳಿಗ್ಗೆಯೇ ಹೊಟ್ಟೆನೋವು, ಫೋಟೋ ಅಂದರೆ ಓಟ, ಹುಟ್ಟುಹಬ್ಬಕ್ಕೆ ಯಾರನ್ನೂ ಕರೆಯುವುದು ಬೇಡ ಅನ್ನುವುದು, ನಿದ್ದೆ ಕೆಡುವುದು. ಇವು ಒಂದೆರಡು ವಾರ ಮುಂದುವರಿದರೆ ಮಾತಾಡಿಸಿ. ಆಗದಿದ್ದರೆ ಮಕ್ಕಳ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 2022ರ ಅಕ್ಟೋಬರಿನಿಂದ ಇದೆ. ಸಂಖ್ಯೆ 14416. ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತ. ಕನ್ನಡದಲ್ಲೂ ಮಾತಾಡಬಹುದು, ತೆಲುಗಿನಲ್ಲೂ ಮಾತಾಡಬಹುದು.

ಆರನೆಯದು ನಮಗೇ ಹೇಳಿಕೊಳ್ಳಬೇಕಾದ್ದು. 'ಪಾಪ' ಅನ್ನಬೇಡಿ, 'ಅದೃಷ್ಟ' ಅಂತಲೂ ಅನ್ನಬೇಡಿ. ಪಾಪ ಅಂದರೆ ಮಗು ಕುಗ್ಗುತ್ತದೆ. ಅದೃಷ್ಟ ಅಂದರೆ ಚಿಕಿತ್ಸೆ ತಡವಾಗುತ್ತದೆ. ಸಿನಿಮಾದಲ್ಲಿ ಮೆಳ್ಳಗಣ್ಣಿನ ಪಾತ್ರ ಬಂದಾಗ ಮನೆಮಂದಿಯೆಲ್ಲ ನಗುತ್ತೇವಲ್ಲ, ಆ ಹೊತ್ತಿನಲ್ಲಿ ನಮ್ಮ ಪಕ್ಕದಲ್ಲಿ ಕೂತ ಮಗು ಯಾವುದು ಎಂದು ಒಮ್ಮೆ ನೋಡಿಕೊಳ್ಳಿ.

ನಮ್ಮ ಅತ್ತೆಯವರು ಈಗಿಲ್ಲ. ಕೊನೆಯ ದಿನಗಳಲ್ಲಿ ಒಮ್ಮೆ, "ನಾ ಅವತ್ತ ಸುಮ್ನಿರು ಅಂದಿದ್ದು ತಪ್ಪಾತೇನವಾ?" ಎಂದು ಕೇಳಿದ್ದರು. ಇಲ್ಲ ಅತ್ತೆ, ನಮಗ್ಯಾರಿಗೂ ಗೊತ್ತಿರಲಿಲ್ಲ ಅಂದೆ. ಆ ಉತ್ತರ ಅಂದಿಗೆ ನಿಜ. ಈ ಸಭೆಯಲ್ಲಿ ಕೂತಿರುವ ನಾವ್ಯಾರೂ ಇನ್ನು ಮುಂದೆ ಹಾಗೆ ಹೇಳುವಂತಿಲ್ಲ.

ಹೋದ ತಿಂಗಳು ಮಗ ಒಂದು ಫೋಟೋ ಕಳಿಸಿದ. ಅವನು, ಸೊಸೆ, ಮೊಮ್ಮಗಳು. ಟ್ಯಾಂಕ್ ಬಂಡ್ ಮೇಲೆ ತೆಗೆದದ್ದು. ಹಿಂದೆ ಹುಸೇನ್ ಸಾಗರ, ಬುದ್ಧನ ವಿಗ್ರಹ. ಮೂವರೂ ನೇರ ನೋಡುತ್ತಿದ್ದಾರೆ. ದಣಿದಿದ್ದನೋ ಏನೋ, ಅವನ ಎಡಗಣ್ಣು ಒಂದು ಕೂದಲೆಳೆಯಷ್ಟು ಒಳಗೆ ಸರಿದಿದೆ. ಅವನು ಆ ಫೋಟೋ ತೆಗೆದುಹಾಕಿಲ್ಲ, ಮುಖ ತಿರುಗಿಸಿಲ್ಲ, ಅಮ್ಮನಿಗೆ ಕಳಿಸಿದ್ದಾನೆ. ಅದನ್ನು ದೊಡ್ಡದು ಮಾಡಿಸಿ ನಡುಮನೆಯ ಗೋಡೆಗೆ ಹಾಕಿದ್ದೇನೆ. ಮನೆಗೆ ಬಂದಾಗ ನೋಡಿ.